ತೊಟ್ಟಿಕ್ಕುವ ನೀರು ದೋಷವಲ್ಲ

ಶೇಖರಣಾ ಮಾದರಿಯ ವಿದ್ಯುತ್ ಗೀಸರುಗಳಿಗೆ ಐ.ಎಸ್. 2082 ಮಾನಕವಿದ್ದು, ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಆದರೆ ಆ ಗುರುತು ತಯಾರಿಕೆಗೆ ಸಾಕ್ಷಿಯೇ ಹೊರತು ಗ್ರಾಹಕರ ಸ್ನಾನಗೃಹದಲ್ಲಿ ನಡೆಯುವ ಜೋಡಣೆಗೆ ಅಲ್ಲ.

20 ಡಿಗ್ರಿ ಸೆಲ್ಸಿಯಸ್ ನೀರು 80 ಡಿಗ್ರಿಗೆ ಕಾಯ್ದಾಗ ಅದರ ಗಾತ್ರ ಸುಮಾರು ಶೇ. 2.7ರಷ್ಟು ಹಿಗ್ಗುತ್ತದೆ, 25 ಲೀಟರಿನ ಗೀಸರಿನಲ್ಲಿ ಇದು ಅರ್ಧ ಲೀಟರನ್ನು ಮೀರುತ್ತದೆ. ಈ ಹೆಚ್ಚುವರಿ ನೀರು ಸುರಕ್ಷಾ ವಾಲ್ವಿನಿಂದ ತೊಟ್ಟಿಕ್ಕುವುದು ಸಹಜ. ಇದನ್ನೇ ಸೋರಿಕೆಯೆಂದು ಬಗೆದು ವಾಲ್ವಿನ ಬಾಯಿಗೆ ಮುಚ್ಚಳ ಬಿಗಿಯುವುದು ಅಪಾಯವನ್ನು ಆಹ್ವಾನಿಸಿದಂತೆ. ಥರ್ಮೋಸ್ಟಾಟ್ ಕೆಟ್ಟ ದಿನ ಒತ್ತಡಕ್ಕೆ ಬೇರೆ ದಾರಿಯಿಲ್ಲದೆ ಟ್ಯಾಂಕು ಸಿಡಿಯಬಹುದು.

ಹೊರಹರಿವಿನ ಪೈಪು ಬಿಸಿನೀರನ್ನು ತಾಳುವಂಥದಾಗಿರಬೇಕು. ವಾಲ್ವಿನ ಬಾಯಿಗಿಂತ ಕಿರಿದಾಗಿರಬಾರದು. ಉದ್ದಕ್ಕೂ ಇಳಿಜಾರಾಗಿ ಸಾಗಿ, ನಡುವೆ ನಲ್ಲಿಯಿಲ್ಲದೆ, ನೆಲದ ಸಮೀಪ ಯಾರಿಗೂ ಬಿಸಿನೀರು ಸಿಡಿಯದಂತೆ, ಕಣ್ಣಿಗೆ ಕಾಣುವಂತೆ ತೆರೆದುಕೊಳ್ಳಬೇಕು. ಗಡಸು ನೀರಿನ ಊರುಗಳಲ್ಲಿ ಸುಣ್ಣ ಕಟ್ಟಿ ವಾಲ್ವು ಬಿಗಿಯುವುದುಂಟು. ಆದ್ದರಿಂದ ಕಾಲಕಾಲಕ್ಕೆ ತಪಾಸಣೆಯೂ ಅಗತ್ಯ.

ಬೆಲೆಯ ಪೈಪೋಟಿಯಲ್ಲಿ ಪೈಪಿನ ಖರ್ಚು ಹೊರೆಯೆಂಬ ವಾದವಿದೆ. ಗೀಸರಿನ ಬೆಲೆಯ ಮುಂದೆ ಆ ಖರ್ಚು ಅತ್ಯಲ್ಪ; ಒಂದು ಅವಘಡದಿಂದ ಕಳೆದುಹೋಗುವ ಗ್ರಾಹಕರ ವಿಶ್ವಾಸ ಅಲ್ಪವಲ್ಲ. ತಯಾರಕರು ಜೋಡಣೆಯ ಸೂಚನೆಗಳನ್ನು ಕನ್ನಡದಲ್ಲಿಯೂ ಮುದ್ರಿಸಲಿ; ವರ್ತಕರು ಪೈಪನ್ನು ಜೋಡಣೆಯ ಬಿಲ್ಲಿನಲ್ಲಿಯೇ ಸೇರಿಸಲಿ. ಮಾರಾಟದೊಂದಿಗೆ ಹೊಣೆ ಮುಗಿಯದು.