ಹಿಂದಿನ ಸೀಟಿನ ಜಮಾ-ಖರ್ಚು

ಮಕ್ಕಳೇ, ಮನೆಗೆ ನಾಲ್ಕು ಚಕ್ರ ಕಟ್ಟಿದರೆ ಏನಾಗುತ್ತದೆ, ಹೇಳಿ ನೋಡೋಣ? ಕ್ಯಾಂಪರ್ ವ್ಯಾನ್ ಆಗುತ್ತದೆ! ಹಗಲು ಅದು ಓಡುವ ಗಾಡಿ, ಹಸಿವಾದಾಗ ಅಡುಗೆಮನೆ, ಕತ್ತಲಾದ ಮೇಲೆ ಮಲಗುವ ಕೋಣೆ. ಜರ್ಮನಿಯಲ್ಲಿ ಬೇಸಿಗೆ ರಜೆ ಶುರುವಾಯಿತೆಂದರೆ ಇಂಥ ವ್ಯಾನುಗಳು ಮಕ್ಕಳು, ಸೈಕಲ್ಲು, ನಾಯಿ ಎಲ್ಲವನ್ನೂ ಹೇರಿಕೊಂಡು ಸಮುದ್ರದ ಕಡೆಗೋ ಬೆಟ್ಟದ ಕಡೆಗೋ ಹೊರಟುಬಿಡುತ್ತವೆ.

ಅಲ್ಲೇ ಇರುವ ನನ್ನ ಮಗಳು-ಅಳಿಯಂದಿರೂ ಫೋಕ್ಸ್‌ವ್ಯಾಗನ್ ಕಂಪನಿಯ ಹಳೆಯ ಮಲ್ಟಿವ್ಯಾನ್ ಒಂದನ್ನು ಕೊಂಡಿದ್ದಾರೆ. ಅದರಲ್ಲಿ 7 ಜನ ಕೂರಬಹುದು. ಮುಂದೆ ಇಬ್ಬರಿಗೆ, ನಡುವೆ ಬಿಡಿ ಬಿಡಿ ಸೀಟಿನಲ್ಲಿ ಇಬ್ಬರಿಗೆ, ಹಿಂದೆ ಉದ್ದನೆಯ ಸೀಟಿನಲ್ಲಿ ಮೂವರಿಗೆ ಜಾಗ. ಆ ಉದ್ದನೆಯ ಸೀಟನ್ನು ಬಿಡಿಸಿ ಮಲಗಿಸಿದರೆ ಅದೇ ಹಾಸಿಗೆ. ಕಳೆದ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಅಲ್ಲಿಗೆ ಹೋದಾಗ ಮನೆಯಲ್ಲಿ ದಿನವೂ ಒಂದೇ ಮಾತು: "ಹಿಂದುಗಡೆ ಜಾಗ ಸಾಲದು, ಸೀಟು ಬದಲಾಯಿಸಬೇಕು."

ಬ್ಯಾಂಕಿನಲ್ಲಿ ಲೆಡ್ಜರ್ ಬರೆಯುತ್ತಲೇ ತಲೆ ನರೆಸಿಕೊಂಡವನು ನಾನು. ಟೇಪು ಹಿಡಿದು ಅಳೆದೆ. ಚಾಲಕನ ಸೀಟಿನ ಹಿಂದೆ ಸುಮಾರು ಎರಡೂವರೆ ಮೀಟರ್ ಉದ್ದ, ಒಂದೂವರೆ ಮೀಟರ್‌ಗಿಂತ ತುಸು ಹೆಚ್ಚು ಅಗಲ. ಅಂದರೆ ಹೆಚ್ಚುಕಡಿಮೆ 4 ಚದರ ಮೀಟರ್, ನಮ್ಮ ಹಳೆಯ ಮನೆಯ ದೇವರ ಕೋಣೆಯಷ್ಟು. ಈ ಖಾತೆಗೆ ಹೊರಗಿನಿಂದ ಹಣ ಕಟ್ಟುವಂತಿಲ್ಲ, ಸಾಲ ಎತ್ತುವಂತೆಯೂ ಇಲ್ಲ. ಉದ್ದನೆಯ ಸೀಟನ್ನು ಒಂದು ಅಡಿ ಹಿಂದೆ ಸರಿಸಿದರೆ ಕಾಲಿಗೆ ಒಂದು ಅಡಿ ಜಮಾ, ಸಾಮಾನಿಗೆ ಒಂದು ಅಡಿ ಖರ್ಚು. ವ್ಯಾನಿನಲ್ಲಿ ಜಾಗ ಹುಟ್ಟುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗುತ್ತದೆ, ಅಷ್ಟೆ.

ಅಳಿಯಂದಿರ ಯೋಜನೆ ಹೀಗಿತ್ತು. ಹಿಂದಿನ ಸೀಟುಗಳನ್ನೆಲ್ಲ ತೆಗೆದು ಮಾರುವುದು. ಅವುಗಳ ಜಾಗದಲ್ಲಿ ಇಬ್ಬರು ಕೂರುವ, ಮಡಚಿದರೆ ಹಾಸಿಗೆಯಾಗುವ ಅಗಲ ಕಡಿಮೆಯ ಸೀಟು ಕೂರಿಸುವುದು. ಪಕ್ಕದಲ್ಲಿ ಉಳಿಯುವ ಜಾಗದಲ್ಲಿ ಗೋಡೆಗೆ ಒತ್ತಿ ಒಲೆ, ತೊಟ್ಟಿ, ಕಪಾಟು. ಮಳೆ ಬಂದ ದಿನ ಮಕ್ಕಳು ಒಳಗೇ ಕಾಲು ಚಾಚಿ ಆಡಬಹುದು. ಮನೆಯಲ್ಲಿ ನಾಲ್ಕು ಜನ, ವ್ಯಾನಿನಲ್ಲಿ ನಾಲ್ಕು ಸೀಟು. ಲೆಕ್ಕ ಚೊಕ್ಕವಾಗಿತ್ತು.

ಏಳು ವರ್ಷದ ಮೊಮ್ಮಗಳು ಬೆರಳು ಮಡಚಿ ಎಣಿಸಿದಳು. "ಅಪ್ಪ, ಅಮ್ಮ, ಅಣ್ಣ, ನಾನು. ಅಜ್ಜ-ಅಜ್ಜಿ ಎಲ್ಲಿ ಕೂತ್ಕೋತಾರೆ?"

ಯಾರೂ ಮಾತಾಡಲಿಲ್ಲ. ನನ್ನಾಕೆಯೇ, "ನಾವೇನು ಮೂರು ತಿಂಗಳ ನೆಂಟರು. ರೈಲಿನಲ್ಲಿ ಬಂದರಾಯ್ತು ಬಿಡೇ" ಅಂದಳು. ನಲವತ್ತೈದು ವರ್ಷ ಜೊತೆಗಿದ್ದವನಿಗೆ ಆ "ಬಿಡೇ" ಎಷ್ಟು ಭಾರ ಎಂದು ಗೊತ್ತಾಗುತ್ತದೆ.

ಹತ್ತು ವರ್ಷದ ಮೊಮ್ಮಗನ ಬಳಿ ಉಪಾಯ ಸಿದ್ಧವಿತ್ತು. "ನಾನು ಹಾಸಿಗೆ ಮೇಲೆ ಮಲಗಿಕೊಂಡು ಬರ್ತೀನಿ. ನನ್ನ ಸೀಟಲ್ಲಿ ಅಜ್ಜಿ ಕೂತ್ಕೊಳ್ಳಲಿ."

ಅವನ ಒಳ್ಳೆಯ ಮನಸ್ಸಿಗೆ ಬೆನ್ನು ತಟ್ಟಿ, ಕಾಗದದ ಮೇಲೆ ಒಂದು ಲೆಕ್ಕ ಮಾಡಿ ತೋರಿಸಿದೆ. ನೀವೂ ಮಾಡಿ ನೋಡಿ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿ ಹೋಗುತ್ತಿರುವ ಹುಡುಗ ಅರ್ಧ ಮೀಟರಿನೊಳಗೆ ಗಕ್ಕನೆ ನಿಲ್ಲಬೇಕಾದರೆ, ಅವನನ್ನು ಹಿಡಿದು ನಿಲ್ಲಿಸಲು ಅವನ ತೂಕದ ಸುಮಾರು 20 ಪಟ್ಟು ಬಲ ಬೇಕು. 30 ಕಿಲೋ ಹುಡುಗನಿಗೆ 600 ಕಿಲೋ! ಒಂದು ದೊಡ್ಡ ಎಮ್ಮೆಯನ್ನು ಎತ್ತಿ ಹಿಡಿದಂತೆ. ಅಪ್ಪನ ತೋಳಿಗೂ ಅದು ಆಗದ ಮಾತು. ಸೀಟು ಬೆಲ್ಟಿಗೆ ಮಾತ್ರ ಸಾಧ್ಯ.

ಆ ಬೆಲ್ಟನ್ನು ಹಿಡಿದಿರುವುದು ಸೀಟು ಮತ್ತು ಗಾಡಿಯ ಮೈ. ಆದ್ದರಿಂದ ಯುರೋಪಿನ ನಿಯಮದಲ್ಲಿ ಇಂಥ ಗಾಡಿಯ ಬೆಲ್ಟು ಕಟ್ಟಿರುವ ಜಾಗಕ್ಕೇ ಪರೀಕ್ಷೆ ಇದೆ. ಎದೆಯ ಮೇಲಿನ ಪಟ್ಟಿ ಮತ್ತು ಸೊಂಟದ ಪಟ್ಟಿ, ಎರಡನ್ನೂ ಒಟ್ಟಿಗೆ, ಒಂದೊಂದನ್ನೂ ಸುಮಾರು 1,350 ಕಿಲೋ ಭಾರದಷ್ಟು ಬಲದಿಂದ ಜಗ್ಗಿ ನೋಡುತ್ತಾರೆ. ಕಿತ್ತು ಬಂದರೆ ನಾಪಾಸು. ಅಂದಮೇಲೆ ಬಡಗಿ ಮಾಡಿದ ಪೆಟ್ಟಿಗೆಯ ಮೇಲೆ ದಿಂಬು ಹಾಸಿದರೆ ಅದು ಸೀಟಾಗುವುದಿಲ್ಲ. ಜರ್ಮನಿಯಲ್ಲಿ ಸೀಟು ಬದಲಾಯಿಸಿದರೆ ತಜ್ಞರಿಗೆ ತೋರಿಸಿ ಗಾಡಿಯ ಕಾಗದದಲ್ಲಿ ಬರೆಸಬೇಕು. ಮಕ್ಕಳಿಗೆ 12 ವರ್ಷ ತುಂಬುವವರೆಗೆ ಅಥವಾ 150 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೆ ಮಕ್ಕಳ ಸೀಟೂ ಕಡ್ಡಾಯ.

ಹಾಗಾದರೆ ದಾರಿ ಯಾವುದು? ಈ ವ್ಯಾನಿನ ಮುತ್ತಜ್ಜನ ಕಥೆಯಲ್ಲೇ ಉತ್ತರವಿತ್ತು. 1947ರಲ್ಲಿ ಬೆನ್ ಪೋನ್ ಎಂಬ ಡಚ್ ವ್ಯಾಪಾರಿ ಪುಸ್ತಕದ ಹಾಳೆಯೊಂದರಲ್ಲಿ ಡಬ್ಬಿಯಂಥ ಗಾಡಿಯ ಚಿತ್ರ ಗೀಚಿದ. 1950ರಲ್ಲಿ ಆ ಗಾಡಿ ಕಾರ್ಖಾನೆಯಿಂದ ಹೊರಬಂತು. ಅದರ ಎಂಜಿನ್ ಇದ್ದದ್ದು ಹಿಂಭಾಗದಲ್ಲಿ, ಹಾಗಾಗಿ ಹಿಂದಿನ ನೆಲ ಜಗಲಿಯಂತೆ ಎತ್ತರ. ಎಂಜಿನ್ ಮುಂದಕ್ಕೆ ಬಂದು ಹಿಂದಿನ ನೆಲ ತಗ್ಗಿದ್ದು 1990ರಲ್ಲಿ ಬಂದ ಮಾದರಿಯಲ್ಲಿ. ಆ ಹಳೆಯ ಗಾಡಿಗೆಂದೇ 1951ರಲ್ಲಿ ವೆಸ್ಟ್‌ಫಾಲಿಯಾ ಎಂಬ ಕಂಪನಿ 'ಕ್ಯಾಂಪಿಂಗ್ ಬಾಕ್ಸ್' ಮಾಡಿತು. ವಾರವೆಲ್ಲ ಗಾಡಿ ಸರಕು ಸಾಗಿಸುವುದು, ರಜೆ ಬಂದಾಗ ಆ ಪೆಟ್ಟಿಗೆಯನ್ನು ಒಳಗಿಟ್ಟರೆ ಅದೇ ಮನೆ. ರಜೆ ಮುಗಿದ ಮೇಲೆ ಪೆಟ್ಟಿಗೆ ಕೆಳಗೆ.

ಅಂದರೆ ಜಾಗವನ್ನು ಹೆಚ್ಚಿಸಲಾಗದಿದ್ದರೂ ಸರದಿಯ ಮೇಲೆ ಹಂಚಬಹುದು!

ಮೊಮ್ಮಕ್ಕಳು ಅಂಗಳದಲ್ಲಿ ಸೀಮೆಸುಣ್ಣದಿಂದ ವ್ಯಾನಿನ ನೆಲವನ್ನು ಅದೇ ಅಳತೆಯಲ್ಲಿ ಬರೆದರು. ಸೀಟುಗಳ ಆಕಾರಕ್ಕೆ ಪತ್ರಿಕೆ ಕತ್ತರಿಸಿ ಅತ್ತಿತ್ತ ಸರಿಸಿ ನೋಡಿದರು. ಮಲ್ಟಿವ್ಯಾನಿನ ನೆಲದಲ್ಲಿ ರೈಲು ಹಳಿಯಂಥ ಹಳಿಗಳಿವೆ. ಸೀಟುಗಳನ್ನು ಅವುಗಳ ಮೇಲೆ ಜಾರಿಸಬಹುದು, ಬೇಡವಾದಾಗ ಹೊರತೆಗೆಯಲೂಬಹುದು. ಕೊನೆಗೆ ತೀರ್ಮಾನವಾಯಿತು. ಉದ್ದನೆಯ ಸೀಟು ಇರಲಿ. ನಾಲ್ವರೇ ಹೊರಟಾಗ ನಡುವಿನ ಎರಡು ಬಿಡಿ ಸೀಟುಗಳು ನೆಲಮಾಳಿಗೆಗೆ, ಆಡಲು ಬೇಕಾದಷ್ಟು ಜಾಗ. ಅಡುಗೆಯ ಸಾಮಾನು ಗೋಡೆಗೆ ಬೇಡ, ಹಿಂಬಾಗಿಲ ಬಳಿ ಎತ್ತಿಡುವಂಥ ಪೆಟ್ಟಿಗೆಯಲ್ಲಿ. ಅಜ್ಜ-ಅಜ್ಜಿ ಬಂದಾಗ ಬಿಡಿ ಸೀಟುಗಳು ಮತ್ತೆ ಹಳಿಗೆ. ರಾತ್ರಿ ಹಾಸಿಗೆ ಹಿರಿಯರಿಗೆ, ಉಳಿದವರಿಗೆ ಪಕ್ಕದಲ್ಲೇ ಡೇರೆ.

ಖರ್ಚಿನ ಕಡೆಯೂ ಹೇಳಬೇಕಲ್ಲ? ಅಳಿಯಂದಿರು ಆಸೆಪಟ್ಟ ಕಪಾಟು ಹೋಯಿತು. ನೆಲಮಾಳಿಗೆಯಲ್ಲಿ ಒಂದು ಮೂಲೆ ಹೋಯಿತು. ಸೀಟುಗಳು ಬಲು ಭಾರ, ಪ್ರತಿ ಸಲ ಎತ್ತಿ ಇಳಿಸಲು ಇಬ್ಬರು ಬೇಕು. ಅಳಿಯಂದಿರು ಸೊಂಟ ನೀವಿಕೊಳ್ಳುತ್ತಾ, "ಇರಲಿ ಮಾವ, ವರ್ಷಕ್ಕೆ ಎರಡು ಸಲ ತಾನೆ" ಎಂದರು. ಆ ಮಾತನ್ನು ನಾನು ಜಮಾ ಕಡೆಗೇ ಬರೆದುಕೊಂಡೆ.

ಇದು ಪರದೇಶದ ಕಥೆ ಎಂದು ಪುಟ ತಿರುವಬೇಡಿ. ನಮ್ಮಲ್ಲೂ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆ. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮನಬಂದಂತೆ ಬದಲಾಯಿಸುವಂತಿಲ್ಲ. ಶಾಲೆಯ ಆಟೋಗಳಲ್ಲಿ ಎದುರಿಗೆ ಒಂದು ಹಲಗೆ ಹಾಕಿ ಇನ್ನೂ ನಾಲ್ಕು ಮಕ್ಕಳನ್ನು ಕೂರಿಸುವುದನ್ನು ನೀವೆಲ್ಲ ಕಂಡಿದ್ದೀರಿ. ಆ ಹಲಗೆಗೆ ಬೆಲ್ಟೂ ಇಲ್ಲ, ಬೆನ್ನೂ ಇಲ್ಲ. ಅಲ್ಲಿ ಸಿಕ್ಕ ಜಾಗವನ್ನು ಯಾವ ಖಾತೆಯಿಂದ ಖರ್ಚು ಮಾಡಿದ್ದಾರೆ ಎಂದು ಹಿರಿಯರು ಒಮ್ಮೆ ಕೇಳಿ ನೋಡಬೇಕು.

ಈ ವಾರದ ಕೆಲಸ: ಹಬ್ಬಕ್ಕೆ ಊರಿಗೆ ಹೊರಡುವ ಮುನ್ನ ನಿಮ್ಮ ಗಾಡಿಯ ಒಳಗನ್ನು ಅಳೆದು ಅಂಗಳದಲ್ಲಿ ಸೀಮೆಸುಣ್ಣದಿಂದ ಬರೆಯಿರಿ. ಮೊದಲು ಜನರನ್ನು ಕೂರಿಸಿ, ಒಬ್ಬೊಬ್ಬರಿಗೂ ಒಂದು ಬೆಲ್ಟು. ಅಜ್ಜಿಯ ಮಂಡಿಗೆ ಒಂದು ಗೇಣು ಹೆಚ್ಚಿಗೆ ಬಿಡಿ. ಚೀಲಗಳಿಗೆ ಜಾಗ ಹುಡುಕುವುದು ಆಮೇಲೆ.