ಇಂಜಿನ್ ಬಿಚ್ಚೋ ಮೊದಲು ಯಾವ ಸಿಲಿಂಡರ್ ಅಂತ ಕೇಳಿ

ಕಾಫಿ ಕೊಯ್ಲಿನ ಮಧ್ಯದಲ್ಲಿ ನಮ್ಮ ಹಳೇ ಡೀಸೆಲ್ ಜೀಪು ಮಿಸ್ಸಿಂಗ್ ಶುರು ಮಾಡ್ತು. ಸ್ಟಾರ್ಟ್ ಆದ್ರೆ ಮೈಯೆಲ್ಲಾ ನಡುಕ, ಬಿಳಿ ಹೊಗೆ. ತೋಟದ ಏರಿನಲ್ಲಿ ಲೋ ಗೇರಿಗೆ ಹಾಕಿದ್ರೂ ಉಸಿರು ಕಟ್ಟಿದ ಹಾಗೆ. ಗ್ಯಾರೇಜಿನವರು ಶಬ್ದ ಕೇಳಿದವರೇ "ಬೋರ್ ಮಾಡಿಸ್ಬೇಕು, 60 ಸಾವಿರ ಇಟ್ಕೊಳ್ಳಿ" ಅಂದ್ರು. ಜೀಪಿಲ್ಲದೆ ಚೀಲ ಕಣಕ್ಕೆ ಬರಲ್ಲ, ಇನ್ನೇನು ಹೂಂ ಅನ್ನೋದ್ರಲ್ಲಿದ್ದೆ.

ಹಾಗೆ ಹೂಂ ಅನ್ನೋದೇ ನಮ್ಮ ತಪ್ಪು ಅನ್ನೋದು ನನ್ನ ಅಭಿಪ್ರಾಯ.

ನಾಲ್ಕು ಸಿಲಿಂಡರಿನಲ್ಲಿ ಕೆಲಸ ಬಿಟ್ಟದ್ದು ಯಾವುದು ಅಂತ ತಿಳಿಯೋಕೆ ಒಂದು ಸ್ಪ್ಯಾನರ್ ಸಾಕು. ಇಂಜಿನ್ ಸ್ಲೋದಲ್ಲಿ ಓಡುವಾಗ ನಾಝಲ್ ಪೈಪಿನ ನಟ್ಟು ಅರ್ಧ ಸುತ್ತು ಸಡಿಲ ಮಾಡಿ, ಮತ್ತೆ ಬಿಗಿ ಮಾಡಿ. ಒಂದಾದ ಮೇಲೆ ಒಂದು. ಸಡಿಲ ಮಾಡಿದಾಗ ಇಂಜಿನ್ ಇನ್ನಷ್ಟು ಕುಂಟಿದ್ರೆ ಆ ಸಿಲಿಂಡರ್ ದುಡೀತಿದೆ. ಏನೂ ವ್ಯತ್ಯಾಸ ಆಗದಿದ್ರೆ ಅದೇ ಸೋಮಾರಿ. ಕೈ, ಕಣ್ಣು ದೂರ ಇರಲಿ ಮಾರಾಯ್ರೆ, ಒತ್ತಡದ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ. ಕಾಮನ್ ರೈಲ್ ಇರೋ ಹೊಸ ಗಾಡಿಗಳಿಗೆ ಈ ಕೆಲಸ ಮಾಡಲೇಬೇಡಿ, ಅಲ್ಲಿ ಒತ್ತಡ 1000 ಬಾರ್ ದಾಟುತ್ತೆ.

ನಮ್ಮದರಲ್ಲಿ ಸೋಮಾರಿ ಮೂರನೆಯದು. ಅದರ ನಾಝಲ್ ಎರಡನೆಯದಕ್ಕೆ, ಎರಡನೆಯದರದ್ದು ಮೂರಕ್ಕೆ ಹಾಕಿ ನೋಡಿದ್ವಿ. ತಾಮ್ರದ ವಾಷರ್ ಹೊಸದು. ಮಿಸ್ಸಿಂಗ್ ಎರಡಕ್ಕೆ ಹೋಯ್ತು. ಅಂದ್ರೆ ದೋಷ ನಾಝಲ್‌ದು, ಇಂಜಿನ್‌ದಲ್ಲ. ಮೂರರಲ್ಲೇ ಉಳಿದಿದ್ರೆ ಟ್ಯಾಪೆಟ್ ಗ್ಯಾಪ್, ಕಂಪ್ರೆಷನ್, ಪಂಪು ನೋಡಬೇಕಿತ್ತು. ನಾಝಲ್ ರಿಪೇರಿ ಆಯ್ತು, ಮಾರನೇ ದಿನ ಜೀಪು ಚೀಲ ಹೊತ್ತು ಏರು ಹತ್ತಿತು.

ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು ಅಂತ ನಾನು ಹೇಳ್ತಿಲ್ಲ. ಅವರ ಮುಂದೆ ಗಾಡಿಗಳ ಸಾಲು ನಿಂತಿರುತ್ತೆ, ಶಬ್ದ ಕೇಳಿ ಅಂದಾಜು ಹೇಳೋದು ರೂಢಿ. ನಾವೂ ಗಾಡಿ ಬಿಟ್ಟು ಟೀ ಕುಡಿಯೋಕೆ ಹೋಗ್ತೀವಿ. ನೀಲಿ ಹೊಗೆ ಬಂದು, ಆಯಿಲ್ ಕುಡಿದು, ಕಂಪ್ರೆಷನ್ ನಿಜವಾಗಿ ಬಿದ್ದಿದ್ರೆ ಬೋರ್ ಮಾಡಿಸಲೇಬೇಕು, ಅದಕ್ಕೆ ದುಡ್ಡು ಕೊಡೋಣ. ಆದ್ರೆ ಅದಕ್ಕೂ ಮೊದಲು ಎರಡು ಪ್ರಶ್ನೆ ಕೇಳಿ: "ಯಾವ ಸಿಲಿಂಡರ್? ಹೇಗೆ ಗೊತ್ತಾಯ್ತು?"

ಉತ್ತರ ಬರೋವರೆಗೆ ಹೆಡ್ ಬಿಚ್ಚೋಕೆ ಬಿಡಬೇಡಿ.