ಮಗಳು ಕಪ್ಪಾದರೆ ಏನಾಯಿತು?

ಹಾಯಿದೋಣಿ ತರಬೇತಿಗೆ ಮಗನ ಹೆಸರು ಬರೆಸುವ ತಾಯಂದಿರು, ಮಗಳ ಮಾತೆತ್ತಿದರೆ "ಬಿಸಿಲಿಗೆ ಕಪ್ಪಾಗ್ತಾಳೆ, ಟೀಚರ್" ಎನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಮಧ್ಯಪ್ರದೇಶಕ್ಕೆ ಸಮುದ್ರವೇ ಇಲ್ಲ. ಆದರೂ ಅಲ್ಲಿನ ರೈತನ ಮಗಳು ನೇಹಾ ಠಾಕೂರ್ ಭೋಪಾಲದ ಕೆರೆಯಲ್ಲಿ ಕಲಿತು, 2023ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಳು. ಸುಮಾರು 300 ಕಿಲೋಮೀಟರ್ ಕರಾವಳಿಯಿರುವ ನಾಡಿನವರು ನಾವು, ಮಗಳ ಮೈಬಣ್ಣ ಕಾಯುತ್ತ ಕೂತಿದ್ದೇವೆ!

ನಿಜವಾದ ತಯಾರಿ ಬೇರೆಯೇ ಇದೆ. ಮೊದಲು ಈಜು ಕಲಿಸಿ. ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್ ತೊಡಿಸಿ. ಸಡಿಲವಾದರೆ ನೀರಿನಲ್ಲಿ ಮೇಲಕ್ಕೆ ಜಾರುತ್ತದೆ. ಬೇಗ ಒಣಗುವ ಬಟ್ಟೆ, ಜಾರದ ಬೂಟು, ಟೋಪಿ, ಕುಡಿಯುವ ನೀರು ಕೊಟ್ಟು ಕಳಿಸಿ. ದೋಣಿ ಮಗುಚಿದರೆ ಅದನ್ನೇ ಹಿಡಿದಿರಬೇಕೆಂದು ಹೇಳಿ. ಕಪ್ಪಾದ ಮೈ ಮಳೆಗಾಲ ಕಳೆಯುವುದರೊಳಗೆ ತಿಳಿಯಾಗುತ್ತದೆ. ಬರುವ ರಜೆಗೆ ಮಗಳ ಹೆಸರನ್ನೂ ಬರೆಸಿ.